ಅಂಟು ಬಿಡಿಸುವ ಪಿಯೆರಿಸ್

ಪಿಯೆರಿಸನನ್ನು ಮೊದಲು ಕಂಡ ದಿನವೇ ನಾನು ಅವನ ತಲೆ ಒಡೆದೆ.

ಈಸ್ಟರಿಗೆ ಮುಂಚಿನ ಉಪವಾಸದ ಎರಡನೆಯ ಭಾನುವಾರ ಅದು. ಸೈಪ್ರಸ್ಸಿನ ಮೂಡಣ ತೀರದಲ್ಲಿ, ನಮ್ಮ ಊರಿನ ಕೆಳಗೆ ನೆಲ ಕಡಲಿಗೆ ಮೂಗು ಚಾಚಿದ ಕಡೆ, ಸಂತ ಮಾಮಾಸರ ಹಳೇ ಇಗರ್ಜಿ ಇದೆ. ಅದರ ಸುತ್ತಲಿನ ತೋಟ ಊರವರೇ ಬೆಳೆಸಿದ್ದು. ಎಲೆಂಗು ಟೀಚರ್ ರಿಟೈರಾದ ಮೇಲೆ ಶುರು ಮಾಡಿದ ಕೆಲಸ. ಸಂಬಳ ಇಲ್ಲ. ಒಬ್ಬರು ಇಗರ್ಜಿಗೆ ಸುಣ್ಣ ಬಳಿದರೆ ಇನ್ನೊಬ್ಬರು ಗಿಡಕ್ಕೆ ನೀರು ಹೊರುತ್ತಾರೆ, ಮತ್ತೊಬ್ಬರು ಹಲಗೆಯ ಮರೆಗೂಡಿನಲ್ಲಿ ಕೂತು ಉಪ್ಪುಕೆರೆಗೆ ಬಂದ ಹಕ್ಕಿಗಳನ್ನು ಎಣಿಸುತ್ತಾರೆ. ನನ್ನ ಗಂಡ ತೀರಿಕೊಂಡು ಆಗ ಒಂದು ವರ್ಷ ನಾಲ್ಕು ತಿಂಗಳಾಗಿತ್ತು. "ಮನೇಲಿ ಕೂತು ಗೋಡೆ ನೋಡ್ಬೇಡ ಮಿರೊಫೋರ, ಬಾ, ಬಾವಿ ಹೂಳೆತ್ತೋಣ" ಎಂದು ಟೀಚರ್ ಕರೆದಿದ್ದರು.

ಗುದ್ದಲಿ ಹಿಡಿದು ಹೋದೆ. ಬಾವಿಕಟ್ಟೆಯ ಮೇಲೆ ಒಬ್ಬ ಗಂಡಸು ನನಗೆ ಬೆನ್ನು ಹಾಕಿ ಕೂತಿದ್ದ. ಪಕ್ಕಕ್ಕೆ ಬಂದಾಗ ಅವನ ಬಾಯಿಂದ ಒಂದು ಹಕ್ಕಿಯ ಬಾಲವೂ ಕಾಲೂ ಹೊರಗಿರುವುದು ಕಂಡಿತು. ಕಾಲು ಅಲ್ಲಾಡುತ್ತಿತ್ತು. ನಮ್ಮ ಕಡೆ ಹಕ್ಕಿ ಹಿಡಿಯುವವರು ಅಂಟು ಬಳಿದ ಕಡ್ಡಿಯಿಂದ ಕಿತ್ತ ಹಕ್ಕಿಯ ಕುತ್ತಿಗೆಯನ್ನು ಹಲ್ಲಿನಲ್ಲೇ ಕಡಿದು ಮುಗಿಸುತ್ತಾರೆ. ಕೈ ಎರಡೂ ಕೆಲಸದಲ್ಲಿರುತ್ತವಲ್ಲ. ತೋಟದೊಳಗೇ ಬಂದು, ಸಂತನ ಬೆನ್ನ ಹಿಂದೆ, ಅದೂ ಉಪವಾಸದಲ್ಲಿ! ನಾನು ಕೂಗಲಿಲ್ಲ. ಗುದ್ದಲಿಯ ಕಾವು ತಿರುಗಿಸಿ ಒಂದು ಕೊಟ್ಟೆ.

ಅವನು ಬೀಳಲಿಲ್ಲ. ರಕ್ತ ಕಿವಿಯ ಹಿಂದಿನಿಂದ ಅಂಗಿಯೊಳಕ್ಕೆ ಇಳಿಯಿತು. ತಿರುಗಿ ನನ್ನನ್ನು ನೋಡಿ, ಬಾಯಿ ತೆರೆಯದೆ, ಎಡಗೈ ಎತ್ತಿ ತಡಿ ಎಂದು ಸನ್ನೆ ಮಾಡಿದ. ಮತ್ತೆ ಚೀಪತೊಡಗಿದ. ಎರಡನೆಯ ಏಟಿಗೆ ಕಾವು ಎತ್ತಿದವಳು ನಾನು ಹಾಗೇ ನಿಂತಿದ್ದೆ. ಆಮೇಲೆ ಅವನು ಪಕ್ಕಕ್ಕೆ ಹಳದಿ ಲೋಳೆ ಉಗಿದು, ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಗರಿ ಗರಿ ಬಿಡಿಸಿ ನೋಡಿದ. ಕರಿಟೊಪ್ಪಿ ಹಕ್ಕಿ. ಕೈ ಬಿಚ್ಚಿದ. ಅದು ಮೊದಲು ನೆಲಕ್ಕೆ ಬಿದ್ದ ಹಾಗಾಗಿ, ಆಮೇಲೆ ಪೊದೆಗೆ ಹಾರಿತು.

"ಈಗ ಹೊಡಿ" ಎಂದ. "ಬಾಯಲ್ಲಿ ಹಕ್ಕಿ ಇದ್ದಾಗ ಹೊಡೆದ್ರೆ ನುಂಗ್ಬಿಡ್ತೀನಿ ಕಣಕ್ಕ."

ಚಳ್ಳೆಹಣ್ಣಿನ ಅಂಟು ನೀರಿಗೆ ಬಿಡುವುದಿಲ್ಲ. ಎಣ್ಣೆಗೆ ಬಿಡುತ್ತದೆ, ಆದರೆ ಗರಿ ಹಾಳಾಗಿ ಹಕ್ಕಿ ಸಾಯುತ್ತದೆ. ಎಂಜಲಿಗೆ ಮಾತ್ರ ಕರಗಿ ಬಿಡುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ಟೀಚರ್ ಓಡಿ ಬಂದು ಗಾಯಕ್ಕೆ ಜಿವಾನಿಯಾ ಸುರಿದರು. ಆ ಸಾರಾಯಿ ಗಾಯಕ್ಕೆ ಬಿದ್ದರೆ ಬೆಂಕಿ. ಅವನು ಕಣ್ಣು ಮುಚ್ಚಿಕೊಂಡು, "ಟೀಚರ್, ಸ್ವಲ್ಪ ಬಾಯಿಗೂ ಸುರೀರಿ, ಗಾಯ ಆಳ ಇದೆ" ಎಂದ. ಮೂರು ಹೊಲಿಗೆ ಬಿತ್ತು.

ಪಿಯೆರಿಸ್ ಮೇಲೂರಿನವನು. ನನಗಿಂತ ಎಂಟು ವರ್ಷ ಚಿಕ್ಕವನು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಾಗಿರಲಿಲ್ಲ. ಅವರದು ಅಂಟುಕಡ್ಡಿಯ ಮನೆತನ. ಚಳ್ಳೆಹಣ್ಣಿನ ಲೋಳೆಯನ್ನು ಜೇನು ಹಾಕಿ ಕುದಿಸಿ, ಮೊಳದುದ್ದದ ದಾಳಿಂಬೆ ಕಡ್ಡಿಗೆ ಸುತ್ತಿ, ನೆರಳಲ್ಲಿ ಆರಿಸುತ್ತಾರೆ. ಕಡ್ಡಿಯನ್ನು ಪೊದೆಯಲ್ಲಿ ಸಿಕ್ಕಿಸಿಟ್ಟರೆ, ಕಡಲು ದಾಟಿ ದಣಿದು ಬಂದ ಹಕ್ಕಿ ಅದರ ಮೇಲೆ ಕೂರುತ್ತದೆ. ಕಾಲು ಅಂಟುತ್ತದೆ, ಬಿಡಿಸಿಕೊಳ್ಳಲು ಬಡಿದರೆ ರೆಕ್ಕೆ ಅಂಟುತ್ತದೆ, ಕೊನೆಗೆ ತಲೆಕೆಳಗಾಗಿ ಜೋತಾಡುತ್ತದೆ. ಹೋಟೆಲಿನಲ್ಲಿ ಕದ್ದುಮುಚ್ಚಿ ತಟ್ಟೆಗೆ ಹನ್ನೆರಡರಂತೆ ಬಡಿಸುತ್ತಾರೆ. ತಲೆ, ಮೂಳೆ ಎಲ್ಲ ಸೇರಿಸಿ ಅಗಿಯುವುದು. ನಾನೂ ತಿಂದವಳೇ.

ಕಡ್ಡಿಯ ಬುಡ ಕೊಂಬೆಯಲ್ಲಿ ಕೂರಬೇಕಲ್ಲ, ಅದನ್ನು ಚಾಕುವಿನಲ್ಲಿ ಕೆತ್ತುವ ರೀತಿ ಒಂದೊಂದು ಮನೆಯದು ಒಂದೊಂದು. ಓರೆಯಾಗಿ ಸೀಳುವವರು ಕೆಲವರು, ಸೂಜಿಯ ಹಾಗೆ ಚೂಪು ಮಾಡುವವರು ಕೆಲವರು. ಪಿಯೆರಿಸನ ಮನೆಯವರು ಒಂದು ಮಗ್ಗುಲಿಗೆ ಸಣ್ಣ ಮೆಟ್ಟಿಲು ಕೆತ್ತುತ್ತಿದ್ದರು. ಅಪ್ಪ ಅವನಿಗೆ ಕಲಿಸಿದ. ಅವನು ತಮ್ಮ ತೊಫಿಸನಿಗೆ ಕಲಿಸಿದ. ಅಪ್ಪ ಬೇಗ ಸತ್ತದ್ದರಿಂದ ಅವನೇ ತಮ್ಮನನ್ನು ಸಾಕಿದ್ದು, ಮದುವೆ ಮಾಡಿದ್ದು.

ಆ ಕಸುಬು ಬಿಟ್ಟದ್ದು ಯಾಕೆಂದು ನಾನು ಎರಡು ವರ್ಷ ಕೇಳಲಿಲ್ಲ. ಒಂದು ದಿನ ಬೇಲಿ ಕಟ್ಟುವಾಗ ಅವನೇ ಹೇಳಿದ. ಹಕ್ಕಿ ಉಳಿಸಲೆಂದು ಅಂಟುಕಡ್ಡಿ ಕೀಳಲು ಹೊರಗಿನ ಊರಿಂದ ಒಬ್ಬ ಯುವಕ ಅವರ ತೋಪಿಗೆ ಬಂದಿದ್ದನಂತೆ. ಇವನು ಹಿಂದಿನಿಂದ ಅವನ ತೋಳು ಎರಡೂ ಬಿಗಿಹಿಡಿದ, ತೊಫಿಸ್ ಸಲಿಕೆಯ ಹಿಡಿಯಲ್ಲಿ ಮುಖಕ್ಕೆ ಹೊಡೆದ.

"ಅವನ ಕೆನ್ನೆ ನನ್ನ ಕಿವಿಗೆ ಒತ್ತಿತ್ತು ಅಕ್ಕ. ದವಡೆ ಮುರಿದಿದ್ದು ನನ್ನ ಕಿವಿಯೊಳಗೇ ಕೇಳಿಸ್ತು. ಬಾದಾಮಿ ಒಡೆದ ಹಾಗೆ. ನಾನು ಬಿಡು ಅಂದೆ. ತೊಫಿಸ್ ಇನ್ನೂ ಮೂರು ಹಾಕಿದ. ನಾನು ಬಿಡು ಅಂದೆ, ಆದ್ರೆ ತೋಳು ಮಾತ್ರ ಬಿಡ್ಲಿಲ್ಲ. ಯಾಕೆ ಬಿಡ್ಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ."

ಆ ಯುವಕ ದೂರು ಕೊಡಲಿಲ್ಲ, ಹೆದರಿ ಹೋದ. ಪಿಯೆರಿಸ್ ಮಾರನೆಯ ವರ್ಷ ಟೀಚರ ಬಾಗಿಲಿಗೆ ಬಂದು ನಿಂತು ಕೆಲಸ ಕೊಡಿ ಎಂದ. ಅಂದಿನಿಂದ ತೊಫಿಸ್ ಅವನೊಡನೆ ಊಟಕ್ಕೆ ಕೂತಿಲ್ಲ. ಪಿಯೆರಿಸನಿಗೆ ಬೇಕಾದದ್ದು ಒಂದೇ. ತೋಟದಲ್ಲಿ ಕಡ್ಡಿ ಇರಬಾರದು ನಿಜ, ಅದು ಕೆಲಸ. ಬೇಕಾದದ್ದು, ತಮ್ಮ ಮತ್ತೆ ತನ್ನ ಮೇಜಿಗೆ ಬಂದು ಕೂರಬೇಕು, ಅಷ್ಟೆ. ಪ್ರತಿ ಈಸ್ಟರಿಗೂ ಗಿಣ್ಣುಹೂರಣದ ಹಬ್ಬದ ರೊಟ್ಟಿ ಫ್ಲಾವುನಾ ತಾನೇ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ತಮ್ಮನ ಬಾಗಿಲಿಗೆ ಒಯ್ಯುತ್ತಿದ್ದ. ತೊಫಿಸ್ ಅದನ್ನು ಅವನೆದುರಿಗೇ ನಾಯಿಗೆ ಎಸೆಯುತ್ತಿದ್ದ. "ನಾಯಿ ದಪ್ಪ ಆಗಿದೆ, ನನ್ನ ಕೈರುಚಿ ಹಿಡಿಸಿದೆ ಅದಕ್ಕೆ" ಎಂದು ಬಂದು ನಮಗೆ ಹೇಳುತ್ತಿದ್ದ.

ತೋಟದ ಮೇಲೆ ಮೇಲೂರಿನವರಿಗೆ ಸಿಟ್ಟು. ಅವರ ಪಾಲಿನ ಹಕ್ಕಿಗಳು ನಮ್ಮ ಪೊದೆಗಳಲ್ಲಿ ಇಳಿಯುತ್ತವೆ ಎಂದು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನಾವು ನೆಟ್ಟ ಹದಿನಾರು ಆಲಿವ್ ಸಸಿಗಳನ್ನು ಮೊಣಕಾಲೆತ್ತರಕ್ಕೆ ಗರಗಸದಲ್ಲಿ ಕೊಯ್ದಿದ್ದರು. ಇನ್ನೊಂದು ಸಲ ಇಗರ್ಜಿಯ ಬಾಗಿಲಿಗೆ ಗೂಬೆಯೊಂದನ್ನು ರೆಕ್ಕೆ ಅಗಲಿಸಿ ಮೊಳೆ ಹೊಡೆದಿದ್ದರು. ಮೊಳೆ ನಾಲ್ಕು. ನಾನೇ ಕಿತ್ತೆ. ಗೂಬೆ ಸತ್ತಿರಲಿಲ್ಲ, ಮೂರನೆಯ ಮೊಳೆ ಕೀಳುವಾಗ ನನ್ನ ಬೆರಳು ಕಚ್ಚಿ ಹಿಡಿದು, ಹಾಗೇ ಸತ್ತಿತು. ಟೀಚರ ನಾಯಿ ವಿಷದ ಮಾಂಸ ತಿಂದು ಬಾವಿಯ ಹತ್ತಿರ ನೊರೆ ಕಾರಿ ಬಿದ್ದಿತ್ತು. ಮರೆಗೂಡಿನ ಹಲಗೆಗೆ ಕೋವಿಯ ಚರೆ ಹೊಡೆದ ತೂತುಗಳಿಗೆ ಲೆಕ್ಕವೇ ಇರಲಿಲ್ಲ, ಮಳೆಗಾಲಕ್ಕೆ ಮುಂಚೆ ಮೇಣ ತುಂಬುವುದು ನನ್ನ ಪಾಲಿನ ಕೆಲಸವಾಯಿತು.

ಶನಿವಾರ ನಾನು ಮೇಲೂರಿಗೆ ಆಡಿನ ಹಾಲಿನ ಗಿಣ್ಣು ಹಲೂಮಿ ಮಾರಲು ಹೋಗುವುದು. ಒಂದು ಶನಿವಾರ ಬುಟ್ಟಿ ಹೊತ್ತು ಕಾಫಿ ಅಂಗಡಿ ದಾಟುವಾಗ ಅಣ್ಣ ತಮ್ಮ ಇಬ್ಬರೂ ಅಲ್ಲಿದ್ದರು, ಬೇರೆ ಬೇರೆ ಮೇಜಿನಲ್ಲಿ.

"ಏನಣ್ಣ," ಎಂದ ತೊಫಿಸ್, ಎಲ್ಲರಿಗೂ ಕೇಳುವ ಹಾಗೆ, "ಇವತ್ತು ಎಷ್ಟು ಹಕ್ಕಿಗೆ ಮುತ್ತು ಕೊಟ್ಟೆ?"

"ಹೆಂಡ್ತಿ ಹೋದ್ಮೇಲೆ ಬಾಯಿಗೆ ಏನಾದ್ರೂ ಬೇಕಲ್ವಾ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಪಿಯೆರಿಸನೂ ನಕ್ಕು ತಮ್ಮನ ಕಡೆ ತಿರುಗಿದ. "ಏಳು ಹಕ್ಕಿ ಮಾರಾಯ. ನಿನ್ ಹೆಂಡ್ತಿ ಮಾಡೋ ಸಾರಿಗಿಂತ ಅವುಗಳ ಪುಕ್ಕನೇ ರುಚಿ."

ಈಗ ಇನ್ನೂ ಜೋರು ನಗು. ತೊಫಿಸ್ ನಗಲಿಲ್ಲ. ಕೈಲಿದ್ದ ಬಿಸಿ ಕಾಫಿಯನ್ನು ಅಣ್ಣನ ಮುಖಕ್ಕೆ ಎರಚಿ, ಬಟ್ಟಲನ್ನು ಹಣೆಗೆ ಹೊಡೆದ. "ಹೊರಗಿನೋರ ನಾಯಿ ನೀನು. ಅಪ್ಪ ಇದ್ದಿದ್ರೆ ನಿನ್ನ ಬಾವಿಗೆ ಹಾಕ್ತಿದ್ದ."

ಪಿಯೆರಿಸ್ ಮುಖದ ಗಸಿಯನ್ನು ಕೈಯಲ್ಲಿ ಬಳಿದುಕೊಂಡು, "ಅಪ್ಪ ಇದ್ದಿದ್ರೆ ನೀನು ನನ್ ಮೇಜಲ್ಲಿ ಕೂತಿರ್ತಿದ್ದೆ" ಎಂದ.

ನಾನು ತಪ್ಪು ಮಾಡಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ.

ತೋಟದಲ್ಲಿ ಸಿಕ್ಕ ಕಡ್ಡಿಗಳನ್ನು ಪುಸ್ತಕದಲ್ಲಿ ಗುರುತಿಡುವುದು ಟೀಚರ ಪದ್ಧತಿ. ಯಾರು ಕಿತ್ತರೋ ಅವರು ಬರೆಯಬೇಕು: ದಿನ, ಜಾಗ, ಎಷ್ಟು, ಎಂಥ ಕಡ್ಡಿ. ನನಗೆ ಬರವಣಿಗೆ ನಿಧಾನ, ಉದ್ದದ ಮಾತು ಬರೆಯಲು ಕೈ ಬಾರದು. ಅದಕ್ಕೆ ನಾನು ಗೀಟು ಎಳೆದು ಎಣಿಕೆ ಹಾಕಿ, ಪಕ್ಕದಲ್ಲಿ ಕಡ್ಡಿಯ ಬುಡದ ಚಿತ್ರ ಬರೆಯುತ್ತಿದ್ದೆ. ಎಂಥ ಕಡ್ಡಿ ಎಂದರೆ ಅದೇ ತಾನೆ. ಆ ತಿಂಗಳು ಎಂಬತ್ತೆಂಟು ಕಡ್ಡಿ ಕಿತ್ತಿದ್ದೆ, ಅದರಲ್ಲಿ ಅರವತ್ತೊಂದರ ಬುಡದಲ್ಲಿ ಮೆಟ್ಟಿಲು ಇತ್ತು. ಕಂಡ ಹಾಗೆ ಬರೆದೆ. ಪಿಯೆರಿಸನ ಪುಟಗಳಲ್ಲಿ ಬರೀ ಸಂಖ್ಯೆ ಇರುತ್ತಿತ್ತು, ಬುಡದ ಮಾತೇ ಇರುತ್ತಿರಲಿಲ್ಲ. ಅದು ನನಗೆ ಆಮೇಲೆ ಹೊಳೆಯಿತು.

ಬೇಟೆ ತಡೆಯುವ ಒಬ್ಬ ಅಧಿಕಾರಿ ಬಂದು ಪುಸ್ತಕದ ಪುಟಗಳ ಫೋಟೋ ತೆಗೆದುಕೊಂಡು ಹೋದ. ನನ್ನ ಚಿತ್ರದ ಜಾಡು ಹಿಡಿದು ಹತ್ತು ದಿನ ಬಿಟ್ಟು ತೊಫಿಸನ ಮನೆಗೆ ನುಗ್ಗಿದರು. ಕೊಟ್ಟಿಗೆಯಲ್ಲಿ ಮೆಟ್ಟಿಲು ಕೆತ್ತಿದ ಕಡ್ಡಿಯ ಕಟ್ಟುಗಳು, ಫ್ರೀಜರಿನಲ್ಲಿ ಪುಕ್ಕ ಕಿತ್ತ ನಾನೂರು ಹಕ್ಕಿ. ಅವನ ಕೋವಿ ಕಿತ್ತುಕೊಂಡರು, ಕೇಸು ಹಾಕಿದರು.

ಮೆಟ್ಟಿಲಿನ ಗುಟ್ಟು ಮನೆತನದ್ದು. ಅಣ್ಣನಲ್ಲದೆ ಹೇಳಿದ್ದು ಇನ್ಯಾರು? ಮಾರನೆಯ ದಿನ ತೊಫಿಸ್ ಇಬ್ಬರನ್ನು ಕರೆದುಕೊಂಡು ಬಂದು ಪಿಯೆರಿಸನನ್ನು ಅವನ ಮನೆಯಂಗಳದಲ್ಲೇ ನೀರಿನ ಪೈಪಿನಿಂದ ಬಡಿದ. ಮೂರು ಪಕ್ಕೆಲುಬು, ಬಲಗೈಯ ಎರಡು ಬೆರಳು ಮುರಿದವು. ನಾನು ಓಡಿ ಹೋಗುವ ಹೊತ್ತಿಗೆ ಅವನು ಬಾಗಿಲಿಗೆ ಒರಗಿ ಕೂತು ಹಲ್ಲು ಹುಡುಕುತ್ತಿದ್ದ.

"ನಾನೇ ಕಣೋ," ಎಂದೆ. "ನಾನೇ ಚಿತ್ರ ಬರೆದದ್ದು. ಅವನಿಗೆ ಯಾಕೆ ಹೇಳ್ಲಿಲ್ಲ?"

"ನೀನು ಬರೆದದ್ದು ಸುಳ್ಳಾ?"

"ಅಲ್ಲ."

"ಮತ್ತೆ?" ಎಂದು ರಕ್ತ ಉಗಿದ. "ನನ್ನ ಬಡಿದ್ರೆ ಅಣ್ಣನ್ನ ಬಡಿದ ಹಾಗೆ. ನಿನ್ನ ಬಡಿದ್ರೆ ಜೈಲಿಗೆ ಹೋಗ್ತಾನೆ."

ನಾನು ಸುಮ್ಮನಿರಲಿಲ್ಲ. ನೇರ ತೊಫಿಸನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕೈ ತೊಳೆಯುತ್ತಿದ್ದ. "ಪುಸ್ತಕದಲ್ಲಿ ಬರೆದದ್ದು ನಾನು, ನಿಮ್ಮಣ್ಣ ಅಲ್ಲ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟ.

"ಮುದುಕಿ, ಹಲೂಮಿ ಮಾರಿದ್ದಕ್ಕೆ ಚೀಟಿ ಬರೆಯೋಕೆ ಬೇಕರಿಯವನನ್ನ ಕರೀತೀಯ. ನೀನು ಪುಸ್ತಕ ಬರೆದ್ಯಾ? ಅವನನ್ನ ಉಳಿಸೋಕೆ ಬಂದಿದ್ದೀಯ. ಹೋಗು, ಹೋಗಿ ಅವನಿಗೆ ಗಂಜಿ ಕುಡಿಸು."

ಮೂರು ಸಲ ಹೇಳಿದೆ. ಮೂರು ಸಲವೂ ನಂಬಲಿಲ್ಲ.

ಅಕ್ಟೋಬರ್ ಹದಿನಾಲ್ಕು. ಸೂರ್ಯ ಕಡಲಿನಿಂದ ಒಂದು ಮೊಳ ಮೇಲೆ ಬಂದಿದ್ದ. ನಾನೂ, ಪಕ್ಕೆಗೂ ಬೆರಳಿಗೂ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ ಪಿಯೆರಿಸನೂ ಕಡ್ಡಿ ಕೀಳಲು ಹೋಗಿದ್ದೆವು. ಬಾವಿಗೂ ಮರೆಗೂಡಿಗೂ ನಡುವಿನ ಪೊದೆಯಲ್ಲಿ ಯಾರೋ ಹಕ್ಕಿಕೂಗಿನ ಪೆಟ್ಟಿಗೆ ಕಟ್ಟಿದ್ದರು. ಗಂಡು ಹಕ್ಕಿಯ ಹಾಡನ್ನು ಗಟ್ಟಿಯಾಗಿ ಹಾಡಿ, ಮೇಲೆ ಹೋಗುವ ಹಕ್ಕಿಗಳನ್ನು ಇಳಿಸುವ ಯಂತ್ರ ಅದು. ಕಿವಿ ಗುಂಯ್ಗುಡುತ್ತಿತ್ತು. ಪಿಯೆರಿಸ್ ಮರೆಗೂಡಿನ ಕಡೆಯಿಂದ ಬರುತ್ತೇನೆಂದು ಹೋದ, ನಾನು ಬಾವಿಯ ಕಡೆಯಿಂದ. ಬಾವಿಕಟ್ಟೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಮೊದಲನೆಯ ಕಡ್ಡಿಗೆ ಕೈ ಹಾಕಿದ್ದೆ. ಆಗ ಪೊದೆಯಿಂದ ತೊಫಿಸ್ ಎದ್ದ. ನನಗೆ ಎಂಟು ಹೆಜ್ಜೆ ದೂರ, ನನಗೆ ಮಗ್ಗುಲಾಗಿ. ಕೈಯಲ್ಲಿ ಅವರಪ್ಪನ ಹಳೇ ಜೋಡುನಳಿಗೆ ಕೋವಿ, ಅದನ್ನು ಅಧಿಕಾರಿಗಳು ಕಂಡಿರಲಿಲ್ಲ. ಆಚೆ ಮರೆಗೂಡಿನ ಬಾಗಿಲಿಂದ ಪಿಯೆರಿಸ್ ಹೊರಗೆ ಬಂದ. ಅಣ್ಣನಿಗೂ ತಮ್ಮನಿಗೂ ನಡುವೆ ಮೂವತ್ತೆರಡು ಹೆಜ್ಜೆ. ಆಮೇಲೆ ನಾನೇ ಅಳೆದೆ.

ತೊಫಿಸ್ ಕೋವಿ ಎತ್ತಿದ.

ಪಿಯೆರಿಸ್ ಕೈ ಎರಡೂ ಮೇಲೆತ್ತಿ ಕೂಗಿದ: "ತೊಫಿಸ್! ನಾನು ಕಣೋ, ಪಿಯೆರಿಸ್!"

ತೊಫಿಸ್ ಕೋವಿಯನ್ನು ಸೊಂಟದವರೆಗೆ ಇಳಿಸಿದ. "ಗೊತ್ತು" ಎಂದ. ಜೋರಾಗಿ ಅಲ್ಲ. ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಪೆಟ್ಟಿಗೆಯ ಹಾಡು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ, ಆ ಸಂದಿಯಲ್ಲಿ ನನಗೆ ಕೇಳಿಸಿತು. ಆಮೇಲೆ ಕೋವಿಯನ್ನು ಮತ್ತೆ ಹೆಗಲಿಗೆ ತಂದು ಹೊಡೆದ.

ಪಿಯೆರಿಸ್ ಮುಖ ಮುಚ್ಚಿಕೊಂಡು ಕೂತ. ತೊಫಿಸ್ ತಿರುಗಿದಾಗ ಅವನ ಕಣ್ಣಿಗೆ ನಾನು ಬಿದ್ದೆ. ಕೋವಿ ಮಡಿಸಿ, ಖಾಲಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, ತನ್ನ ಗಾಡಿಯ ಕಡೆಗೆ ನಡೆದುಹೋದ. ಓಡಲಿಲ್ಲ. ಪೆಟ್ಟಿಗೆ ಹಾಡುತ್ತಲೇ ಇತ್ತು.

"ಕಣ್ಣಿಗೆ ಮರಳು ಬಿದ್ದಿದೆ ಅಕ್ಕ," ಎಂದ ಪಿಯೆರಿಸ್ ನಾನು ಹತ್ತಿರ ಹೋದಾಗ. "ತೆಗಿ, ತೆಗಿ." ಕೈ ಬಿಡಿಸಿ ನೋಡಿದೆ. ತೆಗೆಯುವಂಥದ್ದು ಏನೂ ಉಳಿದಿರಲಿಲ್ಲ. ತಲೆವಸ್ತ್ರ ಬಿಚ್ಚಿ ಕಟ್ಟಿದೆ.

ಪೊಲೀಸರಿಗೆ ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದೆ. ಅವರು ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ತೊಫಿಸ್ ಜಾಮೀನಿನ ಮೇಲೆ ಹೊರಗೆ ಬಂದ. ಅವನು ಹೇಳುವುದು ಬೇರೆ: ಮಬ್ಬುಗತ್ತಲು, ಮೊಲ ಅಂದುಕೊಂಡೆ, ಪೆಟ್ಟಿಗೆಯ ಗಲಾಟೆಯಲ್ಲಿ ಕೂಗು ಕೇಳಿಸಲಿಲ್ಲ. ಮೇಲೂರೆಲ್ಲ ಅದನ್ನೇ ಹೇಳಿತು. ನನ್ನ ಹಲೂಮಿ ಕೊಳ್ಳುವುದು ನಿಲ್ಲಿಸಿದರು. ಬೇಕರಿಯ ಮುಂದೆ ಒಬ್ಬಳು ನನ್ನ ದಾರಿಗೆ ಅಡ್ಡ ನಿಂತು, "ಆ ಕತ್ತಲಲ್ಲಿ ನಿಂಗೇನು ಕಂಡಿತ್ತೇ, ಪೊರೆಗಣ್ಣಿನವಳೇ?" ಎಂದಳು.

"ಅವನ ಕಾಲುಚೀಲದಲ್ಲಿ ಕೆಂಪು ಪಟ್ಟಿ ಮೂರಿತ್ತು" ಎಂದೆ. "ಎಡಗಾಲಿನದು ಹರಿದಿತ್ತು. ಅವನ ಹೆಂಡ್ತಿಗೆ ಹೇಳು, ಹೊಲಿದು ಕೊಡ್ಲಿ."

ಮೂರು ದಿನದ ಮೇಲೆ ಕೊಟ್ಟಿಗೆಗೆ ಹೋದರೆ ನನ್ನ ಆಡು ನಾಲ್ಕಕ್ಕೂ ಕುತ್ತಿಗೆ ಕೊಯ್ದಿದ್ದರು.

ಪಿಯೆರಿಸ್ ಎರಡೂ ಕಣ್ಣು ಕಳೆದುಕೊಂಡು ತೋಟಕ್ಕೆ ವಾಪಸು ಬಂದ. ಬಾವಿಕಟ್ಟೆಯ ಮೇಲೆ ಕೂರಿಸಿ, ಅಂಟಿದ ಹಕ್ಕಿ ಸಿಕ್ಕರೆ ಅವನ ಕೈಗೆ ಕೊಡುತ್ತಿದ್ದೆವು. ಮುರಿದು ಸೊಟ್ಟಗೆ ಕೂಡಿದ ಬೆರಳಲ್ಲಿ ತಡವಿ, ಯಾವ ಹಕ್ಕಿ ಎಂದು ಹೇಳಿ, ಬಾಯಿಗಿಡುತ್ತಿದ್ದ. ಅವನ ಕೆಲಸದಲ್ಲಿ ಗರಿ ಹರಿಯುತ್ತಿರಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: "ಪೆಟ್ಟಿಗೆ ಹಾಡ್ತಿತ್ತು ನೋಡಿ. ಅವನಿಗೆ ಕೇಳ್ಸಿರಲ್ಲ. ಕೇಳ್ಸಿದ್ರೆ ಹೊಡೀತಿರ್ಲಿಲ್ಲ." ನಾನು ಪಕ್ಕದಲ್ಲೇ ಕಳೆ ಕೀಳುತ್ತಿರುತ್ತಿದ್ದೆ. ಅವನು ನನ್ನ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಕೇಳದೆ ನಾನಾಗಿ ಹೇಳುವ ಮಾತೂ ಅದಲ್ಲ. ವಕೀಲರು ನನ್ನ ಹೇಳಿಕೆ ಓದುತ್ತೇನೆಂದು ಬಂದಾಗ ಅವನು ಎದ್ದು ಹೋದ, ಗೋಡೆ ತಡವಿಕೊಂಡು.

ಏಪ್ರಿಲ್‌ನಲ್ಲಿ ಟೀಚರಿಗೆ ಪೊದೆಯಲ್ಲಿ ಇನ್ನೊಂದು ಪೆಟ್ಟಿಗೆ ಸಿಕ್ಕಿತು. ಯಾರೋ ತಿಳಿಯದೆ ಗುಂಡಿ ಒತ್ತಿದರು, ಹಾಡಿತು. ಪಿಯೆರಿಸ್ ಅದನ್ನು ಕಿತ್ತುಕೊಂಡು ಬಾವಿಕಟ್ಟೆಯ ಕಲ್ಲಿಗೆ ಚಚ್ಚಿದ. ಅದು ನಿಂತ ಮೇಲೂ ಚಚ್ಚಿದ. ಅಂಗೈ ಸೀಳಿ ಎಲುಬು ಕಾಣುವವರೆಗೆ ಬಿಡಲಿಲ್ಲ. ಇಬ್ಬರು ಹಿಡಿದುಕೊಳ್ಳಬೇಕಾಯಿತು. ಆ ಈಸ್ಟರಿಗೂ ಫ್ಲಾವುನಾ ಬೇಯಿಸಿದ. ನಾನು ಕೈ ಹಿಡಿದು ತಮ್ಮನ ಬಾಗಿಲವರೆಗೆ ಕರೆದೊಯ್ದೆ. ಬಾಗಿಲು ತೆರೆಯಲಿಲ್ಲ. ಒಳಗೆ ಜನ ಇದ್ದರು, ತಟ್ಟೆಯ ಸದ್ದು ಕೇಳುತ್ತಿತ್ತು. ಬಟ್ಟೆಗಂಟನ್ನು ಹೊಸ್ತಿಲ ಮೇಲಿಟ್ಟು ಬಂದೆವು.

ಒಂದು ಚರೆ ಕಣ್ಣಿನ ಹಿಂದೆ ಉಳಿದಿತ್ತು. ತೆಗೆದರೆ ಅಪಾಯ ಎಂದು ಡಾಕ್ಟರು ಬಿಟ್ಟಿದ್ದರು. ಆಗಸ್ಟಿನಲ್ಲಿ ಅದು ಕೀವಾಗಿ ಜ್ವರ ಏರಿತು. ಪಟ್ಟಣದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಅವನ ಪಕ್ಕ ಕೂತಿದ್ದೆ. ತೊಫಿಸ್ ಬರಲಿಲ್ಲ. ಯಾರ ಹೆಜ್ಜೆ ಸದ್ದಾದರೂ ಪಿಯೆರಿಸ್ ತಲೆ ಎತ್ತುತ್ತಿದ್ದ.

ಒಂಬತ್ತನೆಯ ದಿನ ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಿತ್ತು. ತುಟಿ ಒದ್ದೆ ಮಾಡಿಸಿಕೊಂಡು ಕೇಳಿದ:

"ಕೋರ್ಟು ಯಾವಾಗ?"

"ಹನ್ನೆರಡು ದಿನ ಇದೆ."

"ನಿನ್ನ ಕರೀತಾರೆ."

"ಕರೀತಾರೆ."

"ಅಲ್ಲಿ ಎಲ್ರ ಮುಂದೆ ಹೇಳ್ತೀಯ."

"ಕಂಡದ್ದು ಹೇಳ್ತೀನಿ, ಕೇಳಿದ್ದು ಹೇಳ್ತೀನಿ. ಇನ್ನೇನು ಬರತ್ತೆ ನಂಗೆ?"

ಅವನು ಸೊಟ್ಟ ಬೆರಳುಗಳಿಂದ ನನ್ನ ಕೈ ಹುಡುಕಿ ಹಿಡಿದುಕೊಂಡ.

"ಅಷ್ಟು ದಿನ ನಾನಿರಲ್ಲ ಅಕ್ಕ. ನಂಗೆ ಈಗ್ಲೇ ಹೇಳು. ನೀನು ಅವನಿಗೆ ಹತ್ತಿರ ಇದ್ದೆ. ನಾನು ಕೂಗಿದ್ದು ಅವನಿಗೆ ಕೇಳಿಸ್ತಾ?"